ನಮ್ಮೂರ ಚಾವಡಿ ಉಳಿಸಿಕೊಂಡದ್ದು

"ಅಕ್ಕಾ, ಚಾವಡಿ ಕೆಡವ್ತಾರಂತೆ. ಆ ಜಾಗದಲ್ಲಿ ಸಮುದಾಯ ಭವನ ಬರ್ತದಂತೆ."

ತಮ್ಮ ಫೋನಿನಲ್ಲಿ ಇಷ್ಟು ಹೇಳಿದಾಗ ನಾನು ಮೈಸೂರಿನ ಮನೆಯಲ್ಲಿ ಮಕ್ಕಳ ವಿಜ್ಞಾನದ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಪೆನ್ನು ಹಾಗೇ ನಿಂತುಹೋಯಿತು. ಐವತ್ತು ದಾಟಿದ ನಾನು ಆ ಚಾವಡಿಯ ಒಳಗೆ ಒಂದು ಸಲವೂ ಕಾಲಿಟ್ಟವಳಲ್ಲ. ಹೆಣ್ಣುಮಕ್ಕಳು ಹತ್ತಬಾರದು ಅಂತ ಯಾರೂ ಬೋರ್ಡು ಹಾಕಿರಲಿಲ್ಲ. ಹತ್ತುತ್ತಿರಲಿಲ್ಲ, ಅಷ್ಟೇ. ಬಿಂದಿಗೆ ಸೊಂಟಕ್ಕಿಟ್ಟುಕೊಂಡು ನೀರು ತರುವಾಗ ಅದರ ಮುಂದೆ ತಲೆ ತಗ್ಗಿಸಿ ಬೇಗ ಬೇಗ ದಾಟಿಬಿಡುತ್ತಿದ್ದೆವು. ಆದರೂ ಕೆಡವುತ್ತಾರೆ ಅಂದ ತಕ್ಷಣ ಎದೆ ಧಸಕ್ಕೆಂದಿತು.

ಮುಂದಿನ ಭಾನುವಾರ ಮೊದಲನೇ ಬಸ್ಸಿಗೇ ಊರಿಗೆ ಹೋದೆ.

ನಮ್ಮೂರ ಚಾವಡಿ ದೊಡ್ಡದೇನಲ್ಲ. ಮೂರು ಕಡೆ ಮಣ್ಣಿನ ಗೋಡೆ, ಮುಂದೆ ಪೂರಾ ಬಯಲು. ಬೀದಿಯಿಂದ ಮೂರು ಮೆಟ್ಟಿಲು ಹತ್ತಿದರೆ ಜಗುಲಿ. ಹನ್ನೆರಡು ಹೊನ್ನೆ ಮರದ ಕಂಬ, ಪ್ರತಿ ಕಂಬದ ಕೆಳಗೂ ಚೌಕದ ಕಲ್ಲು. ಮೇಲೆ ತೊಲೆ, ಜಂತೆ, ಹೆಂಚು. ಎಡಗಡೆ ಮೂಲೆಯಲ್ಲಿ ಬಾಗಿಲಿರುವ ಒಂದು ಪುಟ್ಟ ಕೋಣೆ. ಅದು ಶಾನುಭೋಗರ ಕೋಣೆ ಅಂತ ಈಗಲೂ ಕರೆಯುತ್ತಾರೆ. ಎದುರಿಗೆ ಒಂದು ಹೊಂಗೆ ಮರ.

ಆವತ್ತು ನಾನು ಕಂಡ ಚಾವಡಿ ಬೇರೆಯೇ ಆಗಿತ್ತು. ಹೆಂಚು ಅಲ್ಲಲ್ಲಿ ಜಾರಿ ಆಕಾಶ ಕಾಣುತ್ತಿತ್ತು. ಒಂದು ಕಡೆ ಮಾಡು ಮೊಳದಷ್ಟು ಕುಸಿದಿತ್ತು. ಒಳಗೆ ಯಾರದೋ ಹುಲ್ಲಿನ ಹೊರೆ, ಮುರಿದ ನೇಗಿಲು, ಸಿಮೆಂಟ್ ಚೀಲ. ಗೋಡೆಯ ಬುಡ ಹೊಟ್ಟೆ ಉಬ್ಬಿದ ಹಾಗೆ ಮುಂದಕ್ಕೆ ಬಂದಿತ್ತು.

ಅಪ್ಪ ಇದ್ದಾಗ ಚಾವಡಿ ಬಗ್ಗೆ ಬಹಳ ಹೇಳುತ್ತಿದ್ದರು. ಕಂದಾಯ ಕಟ್ಟುವುದು ಅಲ್ಲೇ. ಜಮಾಬಂದಿಗೆ, ಅಂದರೆ ವರ್ಷದ ಕಂದಾಯದ ಲೆಕ್ಕ ನೋಡಲು, ಅಮಲ್ದಾರರು (ಈಗಿನ ತಹಸೀಲ್ದಾರರು) ಬಂದರೆ ಇಳಿಯುವುದು ಅಲ್ಲೇ. ಅಣ್ಣತಮ್ಮಂದಿರ ಪಾಲುಪಾರೀಕತ್ತು, ಬದುವಿನ ಜಗಳ, ಕೆರೆ ನೀರಿನ ಸರದಿ, ಮಾರಿಹಬ್ಬಕ್ಕೆ ಮನೆಗೆಷ್ಟು ಅನ್ನುವ ಲೆಕ್ಕ, ಎಲ್ಲ ಅಲ್ಲಿಯೇ ತೀರ್ಮಾನ. ಕತ್ತಲಾದ ಮೇಲೆ ಬಂದ ದಾರಿಹೋಕರು ಅಲ್ಲೇ ಮಲಗುತ್ತಿದ್ದರು. ಸಿಡುಬಿನ ಲಸಿಕೆ ಹಾಕಿದ್ದು ಅಲ್ಲೇ. ಶಾಲೆ ಕಟ್ಟಡ ಆಗುವ ತನಕ ಅಪ್ಪ ಮರಳಿನ ಮೇಲೆ ಅಕ್ಷರ ತೀಡಿದ್ದೂ ಅಲ್ಲೇ. ಪಟೇಲರು, ಶಾನುಭೋಗರು ಅನ್ನುವ ವಂಶದ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. 1963ರಿಂದ ಅದು ಜಾರಿಗೆ ಬಂತು. ಆಮೇಲೆ ಸರ್ಕಾರದ ಗ್ರಾಮಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಅಂತಾರೆ, ಕೂರುವುದು ಹೋಬಳಿ ಊರಿನ ಆಫೀಸಿನಲ್ಲಿ. ಪಂಚಾಯ್ತಿಗೂ ಬೇರೆ ಕಟ್ಟಡ ಆಯಿತು. ಒಂದೊಂದೇ ಕೆಲಸ ಎದ್ದು ಹೋದ ಹಾಗೆ ಚಾವಡಿ ಖಾಲಿಯಾಗುತ್ತಾ ಬಂತು. ಮಳೆಯಿಂದ ಹಾಳಾದದ್ದಕ್ಕಿಂತ ಜನ ಕೂರದೇ ಹಾಳಾದದ್ದು ಜಾಸ್ತಿ ಅಂತ ನನಗನ್ನಿಸುತ್ತದೆ. ಜನ ಕೂರುತ್ತಿದ್ದರೆ ಜಾರಿದ ಹೆಂಚು ಯಾರ ಕಣ್ಣಿಗಾದರೂ ಬೀಳುತ್ತಿತ್ತು, ಅಲ್ವಾ?

ಪಂಚಾಯ್ತಿಯಲ್ಲಿ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಮರ್ಯಾದೆಯಿಂದಲೇ ಮಾತಾಡಿದರು. "ಮೇಡಂ, ಕಟ್ಟಡ ಅಪಾಯದಲ್ಲಿದೆ. ಮಕ್ಕಳು ಆಡ್ತಿರ್ತಾರೆ, ಮೇಲೆ ಬಿದ್ರೆ ಯಾರು ಜವಾಬ್ದಾರಿ?" ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಚಾವಡಿ ಗ್ರಾಮಠಾಣದ ಜಾಗದಲ್ಲಿದೆ, ಪಂಚಾಯ್ತಿಯ ಆಸ್ತಿ ವಹಿಯಲ್ಲಿ ದಾಖಲಾಗಿದೆ ಅಂತ ಅವರೇ ತೆಗೆದು ತೋರಿಸಿದರು. ಕೆಡವುವುದಾಗಲಿ, ರಿಪೇರಿಯಾಗಲಿ, ಗ್ರಾಮಸಭೆಯಲ್ಲಿ ಊರವರು ಏನು ಹೇಳುತ್ತಾರೋ ಅದರ ಮೇಲೆ ಠರಾವು ಮಾಡಬೇಕು ಅಂದರು. ಗ್ರಾಮಸಭೆಗೆ ಇನ್ನೂ ಐದು ವಾರ ಇತ್ತು. ಒಂದು ಅರ್ಜಿ ಬರೆದು ಕೊಟ್ಟು, ಸೀಲು ಹಾಕಿದ ಪ್ರತಿ ತೆಗೆದುಕೊಂಡು ಬಂದೆ. ಇಂಥ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ಬಾಯಲ್ಲಿ ಹೇಳಿ ಬರಬೇಡಿ. ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಆ ಐದು ವಾರ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಏನು ಹೇಳುವುದು? ಹಳೇದು ಅಂತ ಉಳಿಸಿ ಅಂದರೆ ಯಾರು ಕೇಳುತ್ತಾರೆ?

ಒಂದು ಸಂಜೆ ಶಾಲೆ ಮುಗಿಸಿಕೊಂಡು ಮೈಸೂರಿನ ಪುರಭವನದ ಹತ್ತಿರ ಇಳಿದೆ. ಎಷ್ಟೋ ನಾಟಕ, ಭಾಷಣಕ್ಕೆ ಹೋಗಿ ಕೂತಿದ್ದ ಜಾಗ ಅದು. ಆವತ್ತು ಮಾತ್ರ ಹೊರಗೆ ನಿಂತು ಕಟ್ಟಡವನ್ನೇ ನೋಡಿದೆ. ಅದರ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಪುರಭವನ. ಸಿ. ರಂಗಾಚಾರ್ಲು ಅವರು ಮೈಸೂರಿನ ದಿವಾನರಾಗಿದ್ದಾಗ, 1881ರ ದಸರೆಯಲ್ಲಿ, ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಸಲ ಸೇರಿಸಿದರು. 144 ಜನ ಬಂದಿದ್ದರು. ತಾಲೂಕುಗಳಿಂದ ಬಂದ ಜಮೀನುದಾರರು, ವ್ಯಾಪಾರಸ್ಥರು. ಅವರ ಮುಂದೆ ದಿವಾನರು ಸರ್ಕಾರದ ಲೆಕ್ಕಪತ್ರ ಇಟ್ಟರು. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೂ ಆಳುವವರು ಆಳಿಸಿಕೊಳ್ಳುವವರ ಮುಂದೆ ನಿಂತು ಲೆಕ್ಕ ಹೇಳಿದ್ದು ಸಣ್ಣ ಮಾತಲ್ಲ. 1883ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಈ ಕಟ್ಟಡದ ಕೆಲಸ ಶುರುವಾಯಿತು.

ಆ 144 ಜನರಲ್ಲಿ ನನ್ನಂಥ ಒಬ್ಬ ಹೆಂಗಸು ಇರಲಿಲ್ಲ. ಕೂಲಿ ಮಾಡುವವರು ಇರಲಿಲ್ಲ. ಈಗ ನೋಡಿದರೆ ಪುರಭವನದ ಮುಂದೆ ಅಂಬೇಡ್ಕರ್ ಪ್ರತಿಮೆ ಇದೆ. ಏಪ್ರಿಲ್ 14 ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಏನಾದರೂ ಅನ್ಯಾಯವಾಯಿತು ಅಂದರೆ ಊರಿನ ಜನ ಬಂದು ಕೂರುವುದೂ ಅಲ್ಲೇ. ಬೆಂಗಳೂರಿನಲ್ಲೂ ಹಾಗೇ. 1935ರಲ್ಲಿ ಶುರುವಾದ ಪುಟ್ಟಣ್ಣ ಚೆಟ್ಟಿ ಪುರಭವನದ ಒಳಗೆ ನಾಟಕ, ಸನ್ಮಾನ ನಡೆದರೆ, ಹೊರಗಿನ ಮೆಟ್ಟಿಲ ಮೇಲೆ ಎಷ್ಟು ವರ್ಷ ರೈತರು, ಕಾರ್ಮಿಕರು, ಹೆಣ್ಣುಮಕ್ಕಳು ಭಿತ್ತಿಪತ್ರ ಹಿಡಿದು ನಿಂತರು! ಕಂಬ ಅದೇ, ಮೆಟ್ಟಿಲು ಅದೇ. ಬಂದು ನಿಲ್ಲುವವರು ಬದಲಾದರು. ಧಾರವಾಡದಿಂದ ಬಂದ ನನ್ನ ಸಹೋದ್ಯೋಗಿ ಒಬ್ಬರಿಗೆ ಇದನ್ನು ಹೇಳಿದೆ. "ನಮ್ಮ ವಿದ್ಯಾವರ್ಧಕ ಸಂಘ ನೋಡ್ರಿ, 1890ರಾಗ ಹುಟ್ಟಿದ್ದು. ಇವತ್ತಿಗೂ ದಿನಾ ಸಂಜೀಗೆ ಅಲ್ಲಿ ಏನರ ಒಂದು ಇದ್ದೇ ಇರ್ತದ. ಅದಕ್ಕ ಅದು ಜೀವಂತ ಐತಿ," ಅಂದರು. ಏನಾದರೂ ಒಂದು ಇದ್ದೇ ಇರಬೇಕು. ಆ ಮಾತು ನನ್ನ ಜೊತೆ ಊರಿಗೆ ಬಂತು.

ಗ್ರಾಮಸಭೆಯ ದಿನ ನಾನು ಇದನ್ನೆಲ್ಲ ಹೇಳಿದೆ. ಕೆಲವರು ತಲೆಯಾಡಿಸಿದರು. ಹಿರಿಯರೊಬ್ಬರು "ಟೀಚರಮ್ಮ ಸರಿಯಾಗ್ ಹೇಳ್ತಾವ್ರೆ, ನಮ್ ತಾತ ಮುತ್ತಾತ ನ್ಯಾಯ ಹೇಳಿದ್ ಜಾಗ" ಅಂದರು. ಆಗ ಹಿಂದಿನಿಂದ ಒಬ್ಬ ಹುಡುಗ ಎದ್ದ. ದಲಿತರ ಕಾಲೋನಿಯವನು, ಐಟಿಐ ಓದಿದವನು, ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾನೆ.

"ಅದು ಬಿದ್ದೋಗ್ಲಿ ಬುಡಿ ಟೀಚರ್. ನಮ್ ತಾತನ್ನ ಅದರ ಕೆಳಗೆ ಬಿಸಿಲಲ್ಲಿ ನಿಲ್ಸಿ ದಂಡ ಹಾಕಿದ್ ಜಾಗ ಅದು. ನಿಮ್ಗೆ ಹಳೇ ಕಟ್ಟಡ. ನಮ್ಗೆ ಏನು?"

ಸಭೆ ಗಪ್‌ಚಿಪ್ ಆಯಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಮೆಟ್ಟಿಲು ಹತ್ತಲಿಲ್ಲ ಅನ್ನುವುದಷ್ಟೇ ನನಗೆ ನೆನಪಿತ್ತು. ಮೆಟ್ಟಿಲ ಹತ್ತಿರವೂ ಬಾರದೆ ಹೊಂಗೆ ಮರದಾಚೆಯೇ ನಿಲ್ಲಬೇಕಾದವರು ಇದ್ದರು ಅನ್ನುವುದನ್ನು ನಾನು ಮರೆತಿದ್ದೆ. ಮರೆಯುವ ಅನುಕೂಲ ನನಗಿತ್ತು. ಆವತ್ತು ಯಾವ ತೀರ್ಮಾನವೂ ಆಗಲಿಲ್ಲ. ಒಂದು ತಿಂಗಳು ಬಿಟ್ಟು ಮತ್ತೆ ವಾರ್ಡ್ ಸಭೆಯಲ್ಲಿ ಮಾತಾಡುವುದು ಅಂತಾಯಿತು.

ಮಾರನೇ ದಿನ ಆ ಹುಡುಗನ ಮನೆಗೆ ಹೋದೆ. ಅವನು ಕೆಲಸಕ್ಕೆ ಹೋಗಿದ್ದ. ಅವನ ಅಜ್ಜಿ ಹೊಸಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬಾವ್ವ ಕೂತ್ಕೊ ಅಂದರು. ಕೂತೆ. ಟೀ ಕೊಟ್ಟರು, ಕುಡಿದೆ. ಚಾವಡಿ ವಿಷಯ ತೆಗೆದೆ.

ಅಜ್ಜಿ ಕೈ ನಿಲ್ಲಿಸದೆ ಹೇಳಿದರು. ದನ ಹೊಲಕ್ಕೆ ನುಗ್ಗಿತು ಅಂತ ಅವರ ಗಂಡನನ್ನು ಕರೆಸಿದ್ದರಂತೆ. ಮೇಲೆ ಐದು ಜನ ಎಲೆಅಡಿಕೆ ಹಾಕಿಕೊಂಡು ಕೂತಿದ್ದರಂತೆ. ಇವರು ಗಂಡ ಹೆಂಡತಿ, ಕಂಕುಳಲ್ಲಿ ಕೂಸು, ಮರದಾಚೆ. ಚಪ್ಪಲಿ ಬಿಟ್ಟು ನಿಂತಿದ್ದರಂತೆ. ದಂಡ ಎಷ್ಟು ಅಂತ ಅಲ್ಲಿಂದಲೇ ಕೂಗಿ ಹೇಳಿದರಂತೆ. "ಅದ್ಯಾರ ದನವೋ ಏನೋ ಕಣವ್ವ. ನಮ್ದು ಅಂತ ಹೇಳುದ್ರು, ನಮ್ದೇ ಆಯ್ತು."

ನಾನು ಸುಮ್ಮನೆ ಕೂತಿದ್ದೆ. ಬೀಜ ಒಂದೊಂದಾಗಿ ಮೊರಕ್ಕೆ ಬೀಳುತ್ತಿದ್ದವು. ಆಮೇಲೆ ಅಜ್ಜಿಯೇ ಅಂದರು: "ನನ್ ಮೊಮ್ಮಗ ಕೆಡವಿ ಅಂತಾನೆ. ಕೆಡವುದ್ರೆ ನಾವು ನಿಂತಿದ್ದು ಯಾರಿಗ್ ಗೊತ್ತಾಯ್ತದೆ? ನಿಲ್ಸಿ ಅದನ್ನ. ನಾನು ಒಂದ್ಸಲ ಹತ್ತಿ ಕೂತ್ಕಬೇಕು."

ವಾರ್ಡ್ ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ. ಎರಡು ಮಾತು ಬರೆದುಕೊಂಡು ಹೋಗಿ ಓದಿದೆ. ಒಂದು, ರಿಪೇರಿಯಾದ ಮೇಲೆ ಚಾವಡಿಯಲ್ಲಿ ಊರಿನ ಯಾರು ಬೇಕಾದರೂ, ಯಾವ ಬೀದಿಯವರಾದರೂ, ಹೆಣ್ಣಾಗಲಿ ಗಂಡಾಗಲಿ ಕೂರಬಹುದು ಅಂತ ಠರಾವಿನ ಮೊದಲನೇ ಸಾಲಾಗಿ ಬರೆಯಬೇಕು. ಎರಡು, ಈ ವಾರ್ಡಿನ ಸಭೆಗಳೆಲ್ಲ ಇನ್ನು ಮುಂದೆ ಅಲ್ಲೇ ನಡೆಯಬೇಕು. ಇದನ್ನು ಬರೆಯಬೇಕಾ, ಕಾನೂನೇ ಇದೆಯಲ್ಲ ಅಂತ ಒಬ್ಬರು ಕೇಳಿದರು. ಅಸ್ಪೃಶ್ಯತೆ ಅಪರಾಧ ಅನ್ನುವ ಕಾಯ್ದೆ ಬಂದದ್ದು 1955ರಲ್ಲಿ, ಅಜ್ಜಿ ಹೇಳಿದ ಕಥೆ ಅದಾದ ಎಷ್ಟೋ ವರ್ಷದ ಮೇಲಿನದು, ಅದಕ್ಕೇ ಬರೆಯಬೇಕು ಅಂದೆ. ಅಧ್ಯಕ್ಷರು ಹೆಂಗಸು. 2010ರಲ್ಲಿ ಪಂಚಾಯ್ತಿಗಳಲ್ಲಿ ಅರ್ಧ ಸೀಟು ನಮಗೆ ಮೀಸಲಾದ ಮೇಲೆ ಗೆದ್ದು ಬಂದವರು. "ಬರೀರಿ," ಅಂತ ಅವರೇ ಕಾರ್ಯದರ್ಶಿಗೆ ಹೇಳಿದರು. ಸಮುದಾಯ ಭವನಕ್ಕೆ ಊರಾಚೆ ಹಳೇ ಗೋಮಾಳದ ಪಕ್ಕದ ಜಾಗ ಗುರುತಾಯಿತು. ಅದೂ ಬೇಕಿತ್ತು ಬಿಡಿ. ಮದುವೆಗೆ ಐನೂರು ಎಲೆ ಹಾಕಲು ಚಾವಡಿಯಲ್ಲಿ ಆಗುವುದಿಲ್ಲ.

ಆ ಹುಡುಗ ಕೊನೆಗೆ ನನ್ನ ಹತ್ತಿರ ಬಂದು, "ಕೆಲಸಕ್ಕೆ ಬೇಕಾದ್ರೆ ಬರ್ತೀನಿ ಟೀಚರ್. ಉದ್ಘಾಟನೆಗೆ ಕರೀಬೇಡಿ," ಅಂದ. ಆಗಲಿ ಅಂದೆ.

ದುಡ್ಡಿನ ವಿಷಯ ಉದ್ದ ಎಳೆಯುವುದಿಲ್ಲ. ಪಂಚಾಯ್ತಿ ಸ್ವಲ್ಪ ಕೊಟ್ಟಿತು. ಬೆಂಗಳೂರಿಗೆ ಹೋಗಿ ನೆಲೆಸಿದ ಊರಿನವರು ಕಳಿಸಿದರು. ಮೊದಲು ಕೈಗೆ ಬಂದ ದುಡ್ಡು ಮಾತ್ರ ಸ್ತ್ರೀಶಕ್ತಿ ಸಂಘದ್ದು. ಪ್ರತಿ ವಾರ ಅವರ ಸಭೆ ಯಾರದ್ದಾದರೂ ಮನೆ ಪಡಸಾಲೆಯಲ್ಲಿ ನಡೆಯುತ್ತಿತ್ತು, ಆ ಮನೆ ಗಂಡಸರು ಬಂದರೆ ಮಾತು ನಿಲ್ಲುತ್ತಿತ್ತು. ನಮಗೂ ಒಂದು ಜಾಗ ಸಿಗುತ್ತೆ ಅಂತ ಅವರು ಕೊಟ್ಟರು. ಲೆಕ್ಕವನ್ನು ತಿಂಗಳಿಗೊಮ್ಮೆ ಹೊಂಗೆ ಮರಕ್ಕೆ ಹೊಡೆದ ಹಲಗೆಯ ಮೇಲೆ ಅಂಟಿಸುತ್ತಿದ್ದೆವು.

ಮೊದಲು ಬಂದವರು ಮರಗೆಲಸದ ಆಚಾರರು. ಎಪ್ಪತ್ತರ ಹತ್ತಿರದ ವಯಸ್ಸು. ಯಾವ ಅಳತೆ ಪಟ್ಟಿಯನ್ನೂ ತೆಗೆಯದೆ ಕೊಡತಿಯ ಹಿಂಬದಿಯಿಂದ ಒಂದೊಂದು ಕಂಬವನ್ನೂ ತಟ್ಟುತ್ತಾ ಹೋದರು. ಮೊದಲನೆಯದು ಟಣ್ ಅಂತು. ಎರಡನೆಯದೂ. ಐದನೆಯದು ಬೊದ್ ಅಂತು. ಅಲ್ಲೇ ನಿಂತರು. ಮತ್ತೆ ಒಂಬತ್ತನೆಯದು. "ಹತ್ತು ಗಟ್ಟಿ, ಎರಡರದ್ದು ಕಾಲು ಹೋಗದೆ. ಇದಕ್ಕೆ ಮನೆ ಪೂರಾ ಕೆಡವ್ತಾರೇನ್ರಮ್ಮ?" ಅಂದರು. ಜಾಕಿ ಕೊಟ್ಟು ತೊಲೆಯನ್ನು ಎತ್ತಿ ಹಿಡಿದು, ಆ ಎರಡು ಕಂಬದ ಬುಡವನ್ನು ಗೆದ್ದಲು ತಿಂದಷ್ಟು ಕೊಯ್ದು ತೆಗೆದರು. ಬೇರೆ ಊರಿನಲ್ಲಿ ಕೆಡವಿದ ಮನೆಯ ಹೊನ್ನೆ ಕಂಬ ತಂದು, ಕಚ್ಚು ಹಾಕಿ, ಮರದ ಗೂಟ ಬಡಿದು ಜೋಡಿಸಿದರು. ಜಾಕಿ ಹಿಡಿದವನು ಫ್ಯಾಕ್ಟರಿ ಹುಡುಗ. ಅವನಿಗೆ ಯಂತ್ರದ ಕೆಲಸ ಗೊತ್ತು. ಕಾಲಿಂಚಿನಷ್ಟು ಎತ್ತುವುದು, ನಿಲ್ಲುವುದು, ತೊಲೆಯ ಸದ್ದು ಕೇಳುವುದು, ಮತ್ತೆ ಎತ್ತುವುದು. ಒಂದಿಡೀ ದಿನ ಹಿಡಿಯಿತು.

ಗೋಡೆ ಯಾಕೆ ಉಬ್ಬಿತ್ತು ಅನ್ನುವುದು ತಿಳಿದದ್ದು ಗಾರೆ ಮೇಸ್ತ್ರಿ ಬಂದ ಮೇಲೆ. ಗಾರೆ ಕೆಲಸ ಬಲ್ಲವರು ಈಗ ಬಹಳ ಕಮ್ಮಿ. ಮೂರು ತಾಲೂಕು ವಿಚಾರಿಸಿ, ಒಂದು ದೇವಸ್ಥಾನದ ಜೀರ್ಣೋದ್ಧಾರದಲ್ಲಿದ್ದ ಅವರನ್ನು ಹಿಡಿದೆವು. ಅವರು ಬಂದವರೇ ಗೋಡೆಯ ಬುಡದ ಸಿಮೆಂಟನ್ನು ಉಳಿಯಿಂದ ಒಂದು ಗೇಣು ಎಬ್ಬಿಸಿದರು. ಒಳಗಿನ ಮಣ್ಣು ಒದ್ದೆ. ಮುಟ್ಟಿದರೆ ಕೈಗೆ ಬರುತ್ತಿತ್ತು. ಎಷ್ಟೋ ವರ್ಷದ ಹಿಂದೆ ಯಾರೋ ಒಳ್ಳೆ ಮನಸ್ಸಿನಿಂದಲೇ, ಗಟ್ಟಿಯಾಗಲಿ ಅಂತ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಿದ್ದರು. ನೆಲದ ತೇವ ಮಣ್ಣಿನ ಗೋಡೆಯಲ್ಲಿ ಮೇಲಕ್ಕೆ ಏರುತ್ತದೆ. ಮೇಲೆ ಸುಣ್ಣದ ಗಾರೆ ಇದ್ದರೆ ಅದು ನಿಧಾನವಾಗಿ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಇದ್ದರೆ ದಾರಿಯಿಲ್ಲ. ಒಳಗೇ ನಿಂತು ಮಣ್ಣನ್ನು ಕೆಸರು ಮಾಡುತ್ತದೆ. ಮೇಸ್ತ್ರಿ ಇದನ್ನು ಒಂದೇ ಮಾತಲ್ಲಿ ಹೇಳಿದರು: "ಗೋಡೆ ಬಾಯಿ ಕಟ್ಬುಟ್ಟವ್ರೆ."

ಸುಟ್ಟ ಸುಣ್ಣದ ಕಲ್ಲು ಒಂದು ಟ್ರ್ಯಾಕ್ಟರ್ ಬಂತು. ಚಾವಡಿ ಹಿಂದೆ ಗುಂಡಿ ತೋಡಿ, ಕಲ್ಲು ಹಾಕಿ, ನೀರು ಬಿಟ್ಟೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಕಲ್ಲು ಚಟ್ ಅಂತ ಒಡೆಯಿತು. ನೋಡ ನೋಡುತ್ತಾ ಇಡೀ ಗುಂಡಿ ಕೊತಕೊತ ಕುದಿಯಲು ಶುರುವಾಯಿತು. ಆವಿ ಆಳೆತ್ತರಕ್ಕೆ ಎದ್ದಿತು. ಕೆಳಗೆ ಬೆಂಕಿಯಿಲ್ಲ, ಸೌದೆಯಿಲ್ಲ. ಮೇಸ್ತ್ರಿ ಎಲ್ಲರನ್ನೂ ದೂರ ನಿಲ್ಲಿಸಿದ್ದರು, ಕಣ್ಣಿಗೆ ಸಿಡಿದರೆ ಕಣ್ಣು ಹೋಗುತ್ತದೆ. ಸುಣ್ಣ ಅರಳುವುದು ಅಂದರೆ ಇದು. ಮೂವತ್ತು ವರ್ಷ ಪಾಠ ಹೇಳಿದ್ದೆ, ಲೋಟದಲ್ಲಿ ಚೂರು ಹಾಕಿ ತೋರಿಸಿದ್ದೆ. ಇಷ್ಟು ದೊಡ್ಡದಾಗಿ ನೋಡಿದ್ದು ಆವತ್ತೇ ಮೊದಲು.

ಒಂದು ತಿಂಗಳು ಆ ಸುಣ್ಣ ನೀರಿನಡಿಯಲ್ಲೇ ಇತ್ತು. ತೆಗೆದಾಗ ಬೆಣ್ಣೆಯ ಹಾಗಿತ್ತು. ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಇಟ್ಟಿಗೆ ಪುಡಿ. ಬೆಲ್ಲದ ನೀರು. ಅಳಲೆಕಾಯಿ ಜಜ್ಜಿ ವಾರಗಟ್ಟಲೆ ನೆನೆಹಾಕಿದ ನೀರು. ಹಿಂದೆ ಇದನ್ನೆಲ್ಲ ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರಂತೆ. ನಾವು ಬಾಡಿಗೆಗೆ ಅರೆಯುವ ಯಂತ್ರ ತಂದೆವು. ಬೀದಿ ಪೂರಾ ಬೆಲ್ಲದ ವಾಸನೆ, ಮಕ್ಕಳು ಅಲ್ಲೇ ಸುತ್ತುತ್ತಿದ್ದವು. ಹದ ಬಂತಾ ಅಂತ ನೋಡಲು ಮೇಸ್ತ್ರಿ ಕರಣೆ ತುಂಬ ಗಾರೆ ತೆಗೆದುಕೊಂಡು ಫಕ್ಕನೆ ತಲೆಕೆಳಗು ಮಾಡಿದರು. ಬೀಳಲಿಲ್ಲ. ಹೂಂ ಅಂದರು.

ಊರಿನ ಶಾಲೆಯ ಮಕ್ಕಳನ್ನು ಒಂದು ದಿನ ಕರೆದುಕೊಂಡು ಬಂದೆ. ತಿಳಿ ಸುಣ್ಣದ ನೀರಿಗೆ ಕೊಳವೆಯಿಂದ ಊದಿಸಿದೆ. ನೀರು ಹಾಲಿನಂತಾಯಿತು. ನಿಮ್ಮ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಈ ಗೋಡೆಯಲ್ಲೂ ಅದೇ ನಡೆಯುತ್ತದೆ ಅಂದೆ. ಗಾಳಿ ಕುಡಿದು ಕುಡಿದು ಗಾರೆ ಗಟ್ಟಿಯಾಗುತ್ತದೆ, ವರ್ಷಗಟ್ಟಲೆ ಹಿಡಿಯುತ್ತದೆ. ಒಬ್ಬ ಹುಡುಗಿ ಕೇಳಿದಳು: "ಹಂಗಾದ್ರೆ ಇಲ್ಲಿ ಜಾಸ್ತಿ ಜನ ಕೂತು ಮಾತಾಡಿದ್ರೆ ಗೋಡೆ ಬೇಗ ಗಟ್ಟಿಯಾಯ್ತದಾ ಮಿಸ್?" ಬಯಲು ಜಗುಲಿಯಲ್ಲಿ ಅಷ್ಟು ವ್ಯತ್ಯಾಸ ಆಗುವುದಿಲ್ಲ ಅಂತ ವಿವರಿಸಿದೆ. ಆದರೆ ಆ ಪ್ರಶ್ನೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಒಂದು ಪೆಟ್ಟೂ ಬಿತ್ತು. ಪಡುವಣ ಗೋಡೆಗೆ ಹೊರಗಿನಿಂದ ಮೆತ್ತಿ ಮೂರು ದಿನವಾಗಿತ್ತು. ಗೋಣಿತಾಟು ಒದ್ದೆ ಮಾಡಿ ಹೊದಿಸಿದ್ದೆವು. ರಾತ್ರಿ ಭರಣಿ ಮಳೆ ಗಾಳಿಯ ಸಮೇತ ಹೊಡೆಯಿತು. ಟಾರ್ಪಾಲು ಹಾರಿ ಹೋಯಿತು. ಬೆಳಿಗ್ಗೆ ನೋಡಿದರೆ ಅರ್ಧ ಗೋಡೆಯ ಗಾರೆ ಬೀದಿಯಲ್ಲಿ ಹರಿದಿತ್ತು. ನನಗೆ ಅಳುವೇ ಬಂತು. ಮೇಸ್ತ್ರಿ ಅದನ್ನು ಬಾಚಿ ಬುಟ್ಟಿಗೆ ತುಂಬಿಸಿದರು. "ಸಿಮೆಂಟ್ ಆಗಿದ್ರೆ ಬಿಸಾಕ್ಬೇಕಿತ್ತು. ಇದು ಸುಣ್ಣ ಕಣಮ್ಮ, ಇನ್ನೂ ಹಸಿ ಅದೆ, ಮತ್ತೆ ಅರೀಬೋದು," ಅಂತ ಸಮಾಧಾನ ಮಾಡಿದರು. ಹತ್ತು ದಿನ ಹಿಂದೆ ಬಿದ್ದೆವು.

ಹೆಂಚಿನ ಕೆಲಸ ಮಾತ್ರ ಹಬ್ಬದ ಹಾಗಿತ್ತು. ನಮ್ಮ ಕಡೆ ಮೊದಲು ನಾಡಹೆಂಚು, ಆಮೇಲೆ ಮಂಗಳೂರು ಹೆಂಚು ಬಂದದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಅದು ನಾಡಿನಾದ್ಯಂತ ಹರಡಿತು. ಹಳೇ ಹೆಂಚನ್ನೆಲ್ಲ ಇಳಿಸಿ, ಪಾಚಿ ಕೆರೆದು, ತೊಳೆದು, ಬೆರಳಿನಿಂದ ತಟ್ಟಿ ನೋಡಿ ಗಟ್ಟಿ ಇದ್ದದ್ದನ್ನು ಬೇರೆ ಇಟ್ಟೆವು. ಮತ್ತೆ ಏರಿಸುವಾಗ ಹೆಂಗಸರು, ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಆ ಸಾಲಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ, ಕಾಲೋನಿ ಎಲ್ಲ ಬೆರೆತಿತ್ತು. ಯಾರೂ ಹಾಗೆ ನಿಲ್ಲಿ ಅಂತ ಹೇಳಿರಲಿಲ್ಲ. ಹೆಂಚು ಭಾರ, ಪಕ್ಕದ ಕೈ ಯಾರದ್ದಾದರೂ ಬೇಗ ಸಿಕ್ಕರೆ ಸಾಕು ಅನ್ನುವ ಹಾಗಿತ್ತು.

ಶಾನುಭೋಗರ ಕೋಣೆ ತೆಗೆದ ದಿನ ಊರೇ ಸೇರಿತ್ತು. ಕಡತಗಳನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ತುಕ್ಕು ಹಿಡಿದ ಸರ್ವೆ ಸರಪಳಿ ಸಿಕ್ಕಿತು. ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ, ಅದರಲ್ಲಿ ಪಂಚಾಯ್ತಿ ರೇಡಿಯೋ. ಒಳಗಿನ ವಾಲ್ವುಗಳು ಒಡೆದಿದ್ದವು. ಮುಂದಿನ ಬಟ್ಟೆ ಪರದೆ ಇಲಿ ಕಡಿದಿತ್ತು. 1964ರ ಮೇ 27ರಂದು ನೆಹರೂ ತೀರಿಕೊಂಡ ಸುದ್ದಿಯನ್ನು ಊರು ಕೇಳಿದ್ದು ಇದರಲ್ಲೇ ಅಂತ ಅಪ್ಪ ಹೇಳುತ್ತಿದ್ದರು. ಹೊಲದಲ್ಲಿದ್ದವರು ಕೂಡ ಎದ್ದು ಬಂದರಂತೆ. ಆ ಪೆಟ್ಟಿಗೆಯನ್ನು ಒರೆಸಿ ಕೋಣೆಯ ಗೂಡಿನಲ್ಲೇ ಇಟ್ಟಿದ್ದೇವೆ. ಆ ಕೋಣೆಯಲ್ಲಿ ಈಗ ಎರಡು ಬೀರು ಪುಸ್ತಕ ಇದೆ.

ಕೆಲಸ ಶುರುವಾಗಿ ಮುಗಿಯಲು ಹದಿಮೂರು ತಿಂಗಳಾಯಿತು. ಉದ್ಘಾಟನೆ ಅಂತ ಏನೂ ಮಾಡಲಿಲ್ಲ. ಟೇಪು ಕತ್ತರಿಸುವುದು ಬೇಡ, ಮೊದಲನೇ ವಾರ್ಡ್ ಸಭೆಯನ್ನೇ ಕರೆದುಬಿಡೋಣ ಅಂತ ಅಧ್ಯಕ್ಷರು ಅಂದರು. ತಮಟೆ ಬಡಿದು ಸಾರಿಸುವುದು ಬೇಡ ಅಂತ ಕಾಲೋನಿಯವರು ಮೊದಲೇ ಹೇಳಿದ್ದರು. ಮೊಬೈಲಿನಲ್ಲಿ ಸಂದೇಶ ಹೋಯಿತು, ಆಟೋದಲ್ಲಿ ಮೈಕು ಹೋಯಿತು.

ಸಂಜೆ ನಾಲ್ಕಕ್ಕೆ ಸಭೆ. ನಾನು ಮೂರೂವರೆಗೇ ಹೋಗಿ ಮೆಟ್ಟಿಲ ಹತ್ತಿರ ನಿಂತೆ. ಗೊತ್ತಿದ್ದೂ ಗೊತ್ತಿದ್ದೂ ಕಾಲು ಒಂದು ಕ್ಷಣ ಹಿಂದೆ ಸರಿಯಿತು. ಒಂದು ವರ್ಷ ಕೆಲಸದ ನೆಪದಲ್ಲಿ ನೂರು ಸಲ ಹತ್ತಿ ಇಳಿದಿದ್ದೆ. ಕೂರುವುದಕ್ಕೆ ಅಂತ ಹತ್ತುವುದು ಬೇರೆ. ಸಂಘದ ಹೆಂಗಸರು ಜಮಖಾನ ಹಾಸುತ್ತಿದ್ದರು. "ಬನ್ನಿ ಟೀಚರಮ್ಮ, ಯಾಕ್ ನಿಂತ್ಕಂಡ್ರಿ" ಅಂದರು. ಹತ್ತಿದೆ. ಕಂಬಕ್ಕೆ ಒರಗಿ ಕೂತೆ. ಗಾರೆ ನೆಲ ತಣ್ಣಗಿತ್ತು.

ಅಜ್ಜಿ ಬಂದರು. ಮೊಮ್ಮಗ ಕೈ ಹಿಡಿದು ತಂದು ಮೆಟ್ಟಿಲ ಹತ್ತಿರ ಬಿಟ್ಟ. ತಾನು ಹೊಂಗೆ ಮರದ ಕೆಳಗೆ ನಿಂತುಕೊಂಡ, ಬರುವುದಿಲ್ಲ ಅಂತ ಮೊದಲೇ ಹೇಳಿದ್ದನಲ್ಲ. ಅಜ್ಜಿ ಚಪ್ಪಲಿ ಬಿಡಲು ಬಗ್ಗಿದರು. ಅಧ್ಯಕ್ಷರು "ಹಾಕ್ಕೊಂಡೇ ಬಾ ಅವ್ವ, ನಾವೂ ಹಾಕ್ಕೊಂಡೇ ಇದೀವಿ," ಅಂದರು. ಅಜ್ಜಿ ಒಂದು ಸಲ ಎಲ್ಲರ ಕಾಲು ನೋಡಿದರು. ಒಂದೊಂದು ಮೆಟ್ಟಿಲಿಗೂ ನಿಂತು, ಮಂಡಿ ಹಿಡಿದುಕೊಂಡು ಹತ್ತಿದರು. ಬಂದು ನೇರ ನಡುವೆ, ಐದನೇ ಕಂಬದ ಬುಡಕ್ಕೆ ಕೂತರು.

ಯಾರೋ ಸ್ವಾಗತ ಭಾಷಣ ಶುರು ಮಾಡಿದರು. ಎರಡು ನಿಮಿಷ ಕೇಳಿದ ಅಜ್ಜಿ ಕೈ ಎತ್ತಿದರು. "ಅದಿರ್ಲಿ ಸ್ವಾಮಿ. ನಮ್ ಬೀದಿ ಚರಂಡಿ ಎರಡು ವರ್ಸದಿಂದ ಕಟ್ಕಂಡದೆ, ಮನೆ ಒಳಕ್ಕೆ ನೀರ್ ಬತ್ತದೆ. ಅದನ್ನ ಮೊದ್ಲು ಬರ್ಕಳಿ."

ಕಾರ್ಯದರ್ಶಿ ಬರೆದುಕೊಂಡರು. ಮರದ ಕೆಳಗಿನಿಂದ ಹುಡುಗ, "ಎಷ್ಟು ಮೀಟರ್ ಅಂತಾನೂ ಬರ್ಕೊಳ್ಳಿ ಸಾರ್, ಹೋದ್ಸಲ ಅಳತೆ ಬರ್ದಿರ್ಲಿಲ್ಲ, ಅದಕ್ಕೇ ಅರ್ಧಕ್ಕೆ ನಿಂತಿದ್ದು," ಅಂತ ಕೂಗಿದ. ಅಳತೆ ಎಷ್ಟು ಅಂತ ಇವರು ಕೇಳಿದರು. ಅವನು ಅಲ್ಲಿಂದ ಹೇಳಿದ್ದು ಇವರಿಗೆ ಸರಿಯಾಗಿ ಕೇಳಿಸಲಿಲ್ಲ. ಎರಡು ಸಲ ಹೇಳಿದ. ಮೂರನೇ ಸಲಕ್ಕೆ ಬೇಸತ್ತು, ಮೆಟ್ಟಿಲು ಹತ್ತಿ ಬಂದು, ಪುಸ್ತಕ ಈಸಿಕೊಂಡು ತಾನೇ ಬರೆದ.

ಚರಂಡಿ ಕೆಲಸ ಆಷಾಢದಲ್ಲಿ ಶುರುವಾಯಿತು. ಗುಂಡಿಯಲ್ಲಿ ಇನ್ನೂ ಒಂದಿಷ್ಟು ಸುಣ್ಣ ಉಳಿದಿದೆ. ದಸರೆಗೆ ಮುಂಚೆ ಪಡುವಣ ಗೋಡೆಗೆ ಇನ್ನೊಂದು ಸಲ ಬಳಿಯಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ, ಬುಧವಾರದ ಸಂಘದ ಸಭೆಯಲ್ಲಿ ಯಾರು ಯಾರು ಬರುತ್ತಾರೆ ಅಂತ ಹೆಸರು ಬರೆಸುತ್ತಿದ್ದಾರೆ.